ಭೂಕಂಪಕ್ಕೆ ಚುಕ್ಕೆ ಸಾಲದು, ಗೆರೆ ಬೇಕು

ಮಾನ್ಯರೇ,

ಎಲ್ಲೇ ದೊಡ್ಡ ಭೂಕಂಪವಾಗಲಿ, ಮರುದಿನ ಪತ್ರಿಕೆಗಳಲ್ಲಿ ಒಂದೇ ಬಗೆಯ ನಕ್ಷೆ: ನಡುವೆ ಕೆಂಪು ಚುಕ್ಕೆ, ಸುತ್ತ ನೀರಿಗೆ ಕಲ್ಲೆಸೆದಂತೆ ಉಂಗುರಗಳು, ಕೆಳಗೆ ‘ಭೂಫಲಕಗಳ ಡಿಕ್ಕಿಯೇ ಕಾರಣ’ ಎಂಬ ಸಾಲು. ಸಣ್ಣ ಕಂಪನಗಳಿಗೆ ಈ ಚಿತ್ರ ನಡೆದೀತು. ಆದರೆ ಭೂಮಿಯ ಹೊರಪದರದ ಈ ಬೃಹತ್ ಫಲಕಗಳು ಡಿಕ್ಕಿ ಹೊಡೆಯದೆ ಒಂದರ ಪಕ್ಕ ಒಂದು ಜಾರುವ ಸ್ತರಭಂಗಗಳಲ್ಲಿ, ಅಂದರೆ ನೆಲದಾಳದ ಉದ್ದನೆಯ ಬಿರುಕುಗಳಲ್ಲಿ, ಅದು ಓದುಗರ ದಾರಿ ತಪ್ಪಿಸುತ್ತದೆ.

2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ ಆದ 7.7 ತೀವ್ರತೆಯ ಭೂಕಂಪವನ್ನೇ ನೋಡಿ. ಸಗೈಂಗ್ ಸ್ತರಭಂಗ ಆ ದೇಶದ ನಡುವೆ ಉತ್ತರ–ದಕ್ಷಿಣವಾಗಿ ಹಾದುಹೋಗಿದೆ. ಅದರ ಪಶ್ಚಿಮದ ನೆಲ ಪೂರ್ವದ ನೆಲವನ್ನು ಸವರಿಕೊಂಡು ವರ್ಷಕ್ಕೆ ಸುಮಾರು 2 ಸೆಂ.ಮೀ. ಉತ್ತರಕ್ಕೆ ಸರಿಯುತ್ತಿದೆ. ಸರಿಯುವುದು ದೂರದ ನೆಲ. ಸ್ತರಭಂಗದ ಎರಡೂ ಬದಿಯ ಅಂಚುಗಳು ಮಾತ್ರ ಕಚ್ಚಿಕೊಂಡು ನಿಂತಿರುತ್ತವೆ. ಹಾಗಾಗಿ ನಡುವಿನ ಶಿಲೆ ವರ್ಷವರ್ಷವೂ ಬಾಗುತ್ತಾ ಹೋಗಿ, ಕೊನೆಗೊಮ್ಮೆ ಹಿಡಿತ ತಪ್ಪಿದಾಗ ಕ್ಷಣಮಾತ್ರದಲ್ಲಿ ಚಿಮ್ಮುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ನಂತರ, ಪಕ್ಕಕ್ಕೆ ಸರಿದ ಬೇಲಿಗಳನ್ನೂ ಹಳೆಯ ಭೂಮಾಪನದ ಲೆಕ್ಕಗಳನ್ನೂ ಇಟ್ಟುಕೊಂಡು ಅಮೆರಿಕದ ಭೂಭೌತವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ 1910ರಲ್ಲಿ ವಿವರಿಸಿದ್ದು ಇದನ್ನೇ. ಭೂಫಲಕಗಳ ಸಿದ್ಧಾಂತ ಹುಟ್ಟಲು ಆಗಿನ್ನೂ ಅರ್ಧ ಶತಮಾನವಿತ್ತು ಎಂಬುದು ನನಗಂತೂ ಸೋಜಿಗ.

ನಕ್ಷೆಯ ಕೆಂಪು ಚುಕ್ಕೆ ತೋರಿಸುವ ಕೇಂದ್ರಬಿಂದು ಎಂದರೆ ಆ ಜಾರುವಿಕೆ ಶುರುವಾದ ಜಾಗ, ಅಷ್ಟೇ. ಮ್ಯಾನ್ಮಾರ್‌ನಲ್ಲಿ ಅದು ಮಂಡಾಲೆಯ ಹತ್ತಿರ ಶುರುವಾಗಿ 400 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ನೆಲವನ್ನು ಸೀಳಿತು. ರಾಜಧಾನಿ ನೇಪಿಡಾ ಚುಕ್ಕೆಯಿಂದ ಸುಮಾರು 250 ಕಿ.ಮೀ. ದೂರ. ಉಂಗುರಗಳ ನಕ್ಷೆಯಲ್ಲಿ ಅದು ಸುರಕ್ಷಿತವಾಗಿಯೇ ಕಾಣುತ್ತದೆ. ಆದರೆ ಸ್ತರಭಂಗ ಅದರ ಮಗ್ಗುಲಲ್ಲೇ ಇದೆ. ಅಲ್ಲಿನ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರವೇ ಉರುಳಿತು. ಚುಕ್ಕೆಯಿಂದ ಸುಮಾರು 120 ಕಿ.ಮೀ. ದಕ್ಷಿಣಕ್ಕಿರುವ ಥಾಝಿ ಬಳಿಯ ಸಿಸಿಟಿವಿ ಕ್ಯಾಮೆರಾದಲ್ಲಿ ನೆಲ ಸುಮಾರು ಎರಡೂವರೆ ಮೀಟರ್ ಪಕ್ಕಕ್ಕೆ ಜಾರಿದ್ದು ದಾಖಲಾಗಿದೆ. ಅದಕ್ಕೆ ಹಿಡಿದದ್ದು ಎರಡು ಸೆಕೆಂಡಿಗಿಂತ ಕಡಿಮೆ! 2023ರ ಫೆಬ್ರುವರಿಯಲ್ಲಿ ಟರ್ಕಿಯಲ್ಲೂ ಹೀಗೇ ಆಯಿತು. ನೆಲಸಮವಾದ ಅಂತಾಕ್ಯ ನಗರ ಕೇಂದ್ರಬಿಂದುವಿನಿಂದ ನೂರು ಕಿ.ಮೀ.ಗೂ ಆಚೆ ಇತ್ತು.

(ಸಾವಿರ ಕಿ.ಮೀ. ದೂರದ ಬ್ಯಾಂಕಾಕ್‌ನಲ್ಲಿ ಕಟ್ಟಡ ಕುಸಿದದ್ದು ಬೇರೆ ಕಥೆ. ಅಲ್ಲಿನ ಮೆದು ಮಣ್ಣು ನಿಧಾನಗತಿಯ ಅಲೆಗಳನ್ನು ಹಿಗ್ಗಿಸುತ್ತದೆ.)

ಸೀಳು ಎಲ್ಲಿಯವರೆಗೆ ಹರಿದಿದೆ ಎಂಬುದು ಮೊದಲ ದಿನವೇ ನಿಖರವಾಗಿ ತಿಳಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಇಂಥ ದೊಡ್ಡ ಸ್ತರಭಂಗಗಳು ಎಷ್ಟೋ ದಶಕಗಳಿಂದ ಭೂವೈಜ್ಞಾನಿಕ ನಕ್ಷೆಗಳಲ್ಲಿವೆ, ಪಶ್ಚಾತ್ ಕಂಪನಗಳ (ದೊಡ್ಡ ಕಂಪನದ ಬೆನ್ನಿಗೆ ಬರುವ ಸಣ್ಣ ಕಂಪನಗಳ) ಸ್ಥಾನಗಳು ಗಂಟೆಗಳಲ್ಲೇ ಸಿಗುತ್ತವೆ. ಚುಕ್ಕೆಯ ಜೊತೆಗೆ ಸ್ತರಭಂಗದ ಗೆರೆಯನ್ನೂ ಪಶ್ಚಾತ್ ಕಂಪನಗಳನ್ನೂ ಗುರುತಿಸಿ. ಊರು ಚುಕ್ಕೆಯಿಂದ ಎಷ್ಟು ದೂರ ಎನ್ನುವ ಜೊತೆಗೆ ಗೆರೆಯಿಂದ ಎಷ್ಟು ದೂರ ಎಂದೂ ಬರೆಯಿರಿ. ಉಂಗುರಗಳನ್ನು ಕೈಬಿಟ್ಟರೆ ಇದಕ್ಕೆ ಬೇಕಾದ ಜಾಗ ಸಿಕ್ಕೇ ಸಿಗುತ್ತದೆ.

ಇಂತಿ,
ಒಬ್ಬ ಓದುಗ