8,000 ರೂಪಾಯಿಗೆ ಲೆಕ್ಕಶೀರ್ಷಿಕೆ ಸಿಗಲಿಲ್ಲ

ಸಂಪಾದಕರೇ,

ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ಕಂಪನಿಗಳು ಹುಟ್ಟಬೇಕು ಎಂದು ಈಗ ಎಲ್ಲರೂ ಭಾಷಣ ಮಾಡುತ್ತಾರೆ. ಒಂದು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ನಾನು, ಅಂಥ ಒಂದು ಕಂಪನಿ ಹುಟ್ಟದ ಹಾಗೆ ನೋಡಿಕೊಂಡವರಲ್ಲಿ ಒಬ್ಬ.

2016ರಲ್ಲಿ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಕೊಬ್ಬರಿಯ ತೇವ ಅಳೆಯುವ ಪುಟ್ಟ ಸಾಧನ ಮಾಡಿದ್ದರು. ಅದರ ಮಹತ್ವ ತಿಪಟೂರಿನವರಿಗೆ ಹೇಳಬೇಕಿಲ್ಲ. ‘ತೇವ ಜಾಸ್ತಿ’ ಅಂತ ವರ್ತಕ ಒಂದು ಮಾತು ಅಂದರೆ ಸಾಕು, ದರ ಇಳಿಯುತ್ತದೆ. ಪೇಟೆಂಟ್ ಅರ್ಜಿಗೆ ಆಗ ಆನ್‌ಲೈನ್ ಶುಲ್ಕ 8,000 ರೂಪಾಯಿ. ಕಡತ ನನ್ನ ಟೇಬಲ್ಲಿಗೆ ಬಂತು. ‘ಯಾವ ಲೆಕ್ಕಶೀರ್ಷಿಕೆಯಡಿ ಭರಿಸಬೇಕು?’ ಎಂದು, ಅಂದರೆ ಬಜೆಟ್ಟಿನ ಯಾವ ಬಾಬ್ತಿನಿಂದ ಕೊಡಬೇಕು ಎಂದು, ಬರೆದು ವಾಪಸ್ ಕಳಿಸಿದೆ. ನಿಯಮದ ಪ್ರಕಾರ ತಪ್ಪೇನಲ್ಲ ಬಿಡಿ. ಅಲ್ಲಿಂದ ಅದು 14 ತಿಂಗಳು ತಿರುಗಿತು. ಅಷ್ಟರಲ್ಲಾಗಲೇ ಅವರು ಸಮ್ಮೇಳನವೊಂದರಲ್ಲಿ ಪ್ರಬಂಧ ಓದಿಯಾಗಿತ್ತು. ಓದಿದ 12 ತಿಂಗಳೊಳಗೆ ಅರ್ಜಿ ಹಾಕದಿದ್ದರೆ ಪೇಟೆಂಟ್ ಕೈತಪ್ಪುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಸಾಧನ ಈಗ ಅವರ ಮನೆ ಶೋಕೇಸಿನಲ್ಲಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2000ದಲ್ಲೇ ವಿಜಯ್ ಚಂದ್ರು ಮತ್ತು ಮೂವರು ಸಹೋದ್ಯೋಗಿಗಳು ಜೀವವಿಜ್ಞಾನದ ದತ್ತಾಂಶ ವಿಶ್ಲೇಷಿಸುವ ಸ್ಟ್ರಾಂಡ್ ಕಂಪನಿ ಕಟ್ಟಿದರು. ಅಲ್ಲಿನ ಪ್ರಾಧ್ಯಾಪಕರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಗ್ಗದ ಅಂಗೈ ಕಂಪ್ಯೂಟರ್ ಹೆಚ್ಚು ಮಾರಾಟವಾಗಲಿಲ್ಲ, ನಿಜ. ಆದರೆ ಸ್ಟ್ರಾಂಡ್ ಉಳಿಯಿತು, 2021ರಲ್ಲಿ ರಿಲಯನ್ಸ್ ಅದನ್ನು ಕೊಂಡಿತು. ಆ ಸಂಸ್ಥೆಯಲ್ಲಿ ಇಂಥ ಕೆಲಸಕ್ಕೆಂದೇ 1991ರಿಂದ ಒಂದು ಸೊಸೈಟಿ ಇದೆ. ನಮ್ಮಲ್ಲಿ ಇದ್ದದ್ದು ನಾನು!

ಈಗ ನೆಪಗಳೂ ಕಡಿಮೆ. 2019ರ ಕೇಂದ್ರದ ನೀತಿ ಪ್ರಕಾರ ಅಧ್ಯಾಪಕರು ರಜೆ ಹಾಕಿ ಕಂಪನಿ ಶುರು ಮಾಡಬಹುದು. ತನ್ನ ಸೌಲಭ್ಯ ಕೊಟ್ಟದ್ದಕ್ಕೆ ಸಂಸ್ಥೆ ಆ ಕಂಪನಿಯಲ್ಲಿ ಶೇಕಡಾ 2ರಿಂದ 9.5ರಷ್ಟು ಪಾಲು ಇಟ್ಟುಕೊಳ್ಳಬಹುದು. 2021ರಲ್ಲಿ ಶಿಕ್ಷಣ ಸಂಸ್ಥೆಗಳ ಅರ್ಜಿ ಶುಲ್ಕ 1,600 ರೂಪಾಯಿಗೆ ಇಳಿಯಿತು. ಸಿಂಡಿಕೇಟ್ ಸಭೆಯ ಕಾಫಿ-ಬೋಂಡಾ ಬಿಲ್ಲನ್ನು ಆ ಪೇಟೆಂಟ್ ಕಡತಕ್ಕಿಂತ ಬೇಗ ನಾನು ಪಾಸು ಮಾಡಿದ್ದೇನೆ.

ರಾಜ್ಯದ ವಿಶ್ವವಿದ್ಯಾಲಯಗಳು ಹೊಸ ಕಟ್ಟಡಕ್ಕೆ ಮುಂಚೆ ಎರಡು ಕೆಲಸ ಮಾಡಲಿ. ಬಜೆಟ್ಟಿನಲ್ಲಿ ಪೇಟೆಂಟಿಗೆ ಒಂದು ಲೆಕ್ಕಶೀರ್ಷಿಕೆ ತೆರೆಯಲಿ. ಪ್ರಬಂಧ ಓದುವ ಮುಂಚೆ ‘ಮೇಷ್ಟ್ರೇ, ಸ್ವಲ್ಪ ತಾಳಿ’ ಅನ್ನುವ ಒಬ್ಬ ಅಧಿಕಾರಿಯನ್ನು ನೇಮಿಸಲಿ.

— ನಿವೃತ್ತ ಸೂಪರಿಂಟೆಂಡೆಂಟ್, ತಿಪಟೂರು