ಮೂರನೇ ಒನ್ಸ್ ಮೋರ್

ಅವ್ವ ದವಾಖಾನೆಯಿಂದ ಮನೆಗೆ ಬಂದು ಇವತ್ತಿಗೆ ಹದಿನೆಂಟು ದಿನ. ನಿನ್ನೆ ತಾನೇ ಎದ್ದು ಅಡುಗೆಮನೆ ತನಕ ನಡೆದು ಬಂದಳು. ನಾನು ಮಾಡಿದ ಚಹಾ ಒಂದು ಗುಟುಕು ಕುಡಿದು, "ಇದನ್ನ ಕುಡಿಸೇ ನನ್ನ ದವಾಖಾನಿಗೆ ಕಳಿಸಿದ್ದೇನು?" ಅಂದಳು. ಅವಳ ನಾಲಿಗೆ ಹುಷಾರಾಗಿದೆ, ಇನ್ನು ಬರೆಯಬಹುದು ಅನ್ನಿಸಿತು. ಅವ್ವ ಬಿದ್ದು ದವಾಖಾನೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ. ಆ ದಿನಗಳಲ್ಲಿ ಫೋನ್ ಎತ್ತದೇ ಇದ್ದದ್ದಕ್ಕೆ, ಉದ್ದುದ್ದ ಮೆಸೇಜುಗಳಿಗೆ ಬರೀ ಕೈಮುಗಿದ ಚಿತ್ರ ಕಳಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಿ.

ಮೊದಲು ಪುಸ್ತಕದ ಲೆಕ್ಕ ಮುಗಿಸ್ತೀನಿ. ಕಂಪನಿ ನಾಟಕದಲ್ಲಿ ಪೆಟ್ಟಿಗೆ (ಹಾರ್ಮೋನಿಯಂ) ಬಾರಿಸುತ್ತಿದ್ದ ಅಪ್ಪ, ನಟಿಯಾಗಿದ್ದ ಅವ್ವನ ಬಗ್ಗೆ ನಾನು ಬರೆದ ಪುಸ್ತಕ ಅದು. ಅದನ್ನ ಹಿಡಿದು ಏಳು ವಾರ, ಹನ್ನೊಂದು ಊರು ತಿರುಗಿದೆ. ನಾನು ತಬಲಾ ಸಾಥ್ ಕೊಡ್ತೀನಿ ಅಂತ ಮೊದಲೇ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳು ಬೇರೆ. ಮುಂಜಾನೆ ಒಂದೂರಲ್ಲಿ ಅಪ್ಪ-ಅವ್ವನ ಬಗ್ಗೆ ಮಾತು, ರಾತ್ರಿ ಇನ್ನೊಂದೂರಲ್ಲಿ ವಿಲಂಬಿತ ಏಕತಾಲ. ಸೊಲ್ಲಾಪುರದಲ್ಲಿ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇದ್ದಾಗ ಡಗ್ಗಾದ (ತಬಲಾ ಜೋಡಿಯಲ್ಲಿ ಎಡಗೈಯಲ್ಲಿ ಬಾರಿಸೋದು) ಚೀಲ ಬಿಚ್ಚಿದರೆ ಒಳಗೆ ಇಪ್ಪತ್ತು ಪುಸ್ತಕ! ಡಗ್ಗಾ ಧಾರವಾಡದ ಮನೆಯಲ್ಲಿ ಪುಸ್ತಕದ ಡಬ್ಬಿಗಳ ಜೊತೆ ಆರಾಮಾಗಿ ಕೂತಿತ್ತು. ಅಲ್ಲಿ ಪೂರಿಯಾ ರಾಗ ಹಾಡಬೇಕಿದ್ದ ಗಾಯಕರು ನನ್ನ ಮುಖ ನೋಡಿ, "ಪುಸ್ತಕಾನೇ ಬಾರಿಸಿ" ಅಂದರು. ತನ್ನ ಡಗ್ಗಾ ಕೊಟ್ಟು ಕಾಪಾಡಿದ ಆ ಕಾಲೇಜು ಹುಡುಗನಿಗೆ ಥ್ಯಾಂಕ್ಸ್. ಅವನ ಡಗ್ಗಾ ನನ್ನದಕ್ಕಿಂತ ಚೆನ್ನಾಗಿದೆ, ಅದು ಬೇರೆ ಮಾತು.

ಕರಡನ್ನು ಮೂರು ಸಲ ತಿದ್ದಿದ ಗೆಳತಿಗೆ, ದುಡ್ಡು ಬರುತ್ತೋ ಇಲ್ವೋ ನೋಡದೆ ಅಚ್ಚು ಹಾಕಿದ ಪ್ರಕಾಶಕರಿಗೆ, ಊರೂರಲ್ಲಿ ಕುರ್ಚಿ ಹಾಕಿ, ಮೈಕ್ ಹಿಡಿದು, ಮಂಡಕ್ಕಿ-ಮಿರ್ಚಿ ತಿನ್ನಿಸಿದ ಎಲ್ಲ ಸಂಘದವರಿಗೆ, ಪ್ರತಿ ಊರಲ್ಲೂ ಮಾರಾಟದ ಟೇಬಲ್ ಹಿಂದೆ ಕೂತು ಚಿಲ್ಲರೆ ಲೆಕ್ಕ ಇಟ್ಟ ನನ್ನ ಹೆಂಡತಿಗೆ, ಒಬ್ಬರೇ ಐದೈದು ಪ್ರತಿ ಕೊಂಡ ಪುಣ್ಯಾತ್ಮರಿಗೆ ನಾನು ಋಣಿ.

ಈ ಪುಸ್ತಕ ಯಾಕೆ ಬರೆದೆ ಅಂತ ಎಲ್ಲ ಕಡೆ ಕೇಳಿದರು. ಕಂಪನಿ ನಾಟಕದ ಬಗ್ಗೆ ಬಂದಿರೋ ಪುಸ್ತಕಗಳಲ್ಲಿ ಮಾಲೀಕರು ಸಿಗುತ್ತಾರೆ, ದೊಡ್ಡ ನಟರು ಸಿಗುತ್ತಾರೆ. ಗುಬ್ಬಿ ವೀರಣ್ಣನವರು, ಏಣಗಿ ಬಾಳಪ್ಪನವರು, ಬರೆದಷ್ಟೂ ಮುಗಿಯದ ಜನ. ಆದರೆ ರಂಗದ ಮುಂದಿನ ತಗ್ಗಿನಲ್ಲಿ ಕೂತ ಪೆಟ್ಟಿಗೆ ಮಾಸ್ತರ? ಪ್ರೇಕ್ಷಕರಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅಪ್ಪ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪೆಟ್ಟಿಗೆ ಕಲಿತವನು. ಪುಟ್ಟರಾಜ ಗವಾಯಿಗಳು ಸ್ವತಃ ನಾಟಕ ಬರೆದು, ಆಶ್ರಮ ನಡೆಸಲಿಕ್ಕೆ ಕಂಪನಿ ಕಟ್ಟಿ ಊರೂರು ತಿರುಗಿದವರು. ಹಾಗಾಗಿ ಅಲ್ಲಿಂದ ಬಂದವರಿಗೆ ನಾಟಕ ಅಂದ್ರೆ ಕೀಳು ಅನ್ನೋ ಭಾವನೆ ಇರಲಿಲ್ಲ. ಆ ಭಾವನೆ ಬೇರೆಯವರಿಗಿತ್ತು. ಆಕಾಶವಾಣಿ 1940ರಲ್ಲೇ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು. ಧಾರವಾಡದಲ್ಲಿ ರೇಡಿಯೋ ಸ್ಟೇಷನ್ ಶುರುವಾದದ್ದು 1950ರಲ್ಲಿ, ಅಪ್ಪನಿಗೆ ಆಗ ಹದಿನೈದು. ಆ ಬಾಗಿಲು ಒಂಚೂರು ತೆರೆಯೋ ಹೊತ್ತಿಗೆ 1971 ಬಂದಿತ್ತು. ಪೆಟ್ಟಿಗೆಯಲ್ಲಿ ಮೀಂಡ್ ಬರಲ್ಲ, ಸ್ವರದಿಂದ ಸ್ವರಕ್ಕೆ ಜಾರಲಿಕ್ಕೆ ಆಗಲ್ಲ ಅನ್ನೋದು ದೊಡ್ಡವರ ತಕರಾರು. ಅಪ್ಪ ಅದಕ್ಕೆ, "ಖರೆ, ಮೀಂಡ್ ಬರೂದಿಲ್ಲ. ಆದ್ರ ಸ್ಟೇಜಿನ ಮ್ಯಾಲೆ ಯಾರರ ತಪ್ಪಿದಾಗ ಮುಚ್ಚೂದು ನನ್ನ ಪೆಟ್ಟಿಗಿಗೆ ಬರ್ತೈತಿ" ಅನ್ನುತ್ತಿದ್ದ. ಪುಸ್ತಕದಲ್ಲಿ ಈ ಮಾತನ್ನ ಬರೆದಿದ್ದೇನೆ. ಆದರೆ ಬರೆಯುವಾಗ ನನಗೆ ಅದು ಪೂರ್ತಿ ಅರ್ಥ ಆಗಿರಲಿಲ್ಲ.

ಈಗ ಚಿಗವ್ವನ ವಿಷಯ.

ಪುಸ್ತಕ ಓದಿದವರಿಗೆ, ನನ್ನ ಕಾರ್ಯಕ್ರಮಕ್ಕೆ ಬಂದವರಿಗೆ ಬನಶಂಕರಿ ಜಾತ್ರೆಯ ಪ್ರಸಂಗ ನೆನಪಿರುತ್ತೆ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಆ ಜಾತ್ರೆಯಲ್ಲಿ ಒಂದರ ಪಕ್ಕ ಒಂದು ಕಂಪನಿ ಥೇಟರು ಹಾಕಿಕೊಂಡು ರಾತ್ರಿಯಿಡೀ ಆಟ ಆಡುತ್ತವೆ. ಅವ್ವ ಕಥಾನಾಯಕಿ. ಹಾಸ್ಯದ ಜೋಡಿಯಲ್ಲಿ ಅವಳಿಗಿಂತ ನಾಲ್ಕು ವರ್ಷ ಸಣ್ಣವಳಾದ ಇನ್ನೊಬ್ಬ ನಟಿ, ನಾನು ಚಿಗವ್ವ (ಚಿಕ್ಕಮ್ಮ) ಅನ್ನೋದು ಇವಳನ್ನೇ. ಆ ರಾತ್ರಿ ಆಕೆಯ ಹಾಡಿಗೆ ಒನ್ಸ್ ಮೋರ್ ಬಿತ್ತು. ಮತ್ತೆ ಹಾಡಿದಳು. ಇನ್ನೊಂದು ಬಿತ್ತು. ಹಾಡಿದಳು. ಮೂರನೇ ಸಲ ಯಾರೂ ಕೂಗಲೇ ಇಲ್ಲ, ಆದರೂ ಹಾಡಿದಳು! ಅವ್ವ ಬಣ್ಣ ಹಚ್ಚಿಕೊಂಡು ವಿಂಗಿನಲ್ಲಿ ನಿಂತು ಹಲ್ಲು ಕಡಿಯುತ್ತಿದ್ದಳು. ಅಪ್ಪ ಪೆಟ್ಟಿಗೆ ನಿಲ್ಲಿಸಲಿಲ್ಲ. ಆಮೇಲೆ ಗ್ರೀನ್ ರೂಮಿನಲ್ಲಿ ನಡೆದ ಜಗಳ ಪಕ್ಕದ ಕಂಪನಿಯವರಿಗೂ ಕೇಳಿಸಿತಂತೆ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಐವತ್ತು ವರ್ಷ. ಅಪ್ಪ ತೀರಿಕೊಂಡಾಗ ಆಕೆ ಬಂದು ಅಂಗಳದ ತುದಿಯಲ್ಲಿ ನಿಂತು, ಯಾರಿಗೂ ಹೇಳದೆ ಹೋಗಿದ್ದಳು.

ಇದನ್ನ ನಾನು ಅವ್ವನ ಬಾಯಿಂದ ಕೇಳಿದ ಹಾಗೇ ಬರೆದೆ. ಸ್ವಲ್ಪ ಉಪ್ಪು-ಖಾರ ನನ್ನದು. ಜನ ನಗುತ್ತಾರೆ ಅಂತ ಪ್ರತಿ ಊರಲ್ಲೂ ಓದಿದೆ. ಮೂರನೇ ಸಲದ ಹಾಡು ಬಂದಾಗ ತಬಲಾದ ಮೇಲೆ ಒಂದು ಸುಸ್ತಾದ ಠೇಕಾ ಬಾರಿಸುತ್ತಿದ್ದೆ, ಜನ ಬಿದ್ದು ಬಿದ್ದು ನಗುತ್ತಿದ್ದರು.

ಹುಬ್ಬಳ್ಳಿಯ ಕಾರ್ಯಕ್ರಮದಲ್ಲಿ ಆಕೆಯ ಮೊಮ್ಮಗ ಕೂತಿದ್ದ. ನನಗೆ ಗೊತ್ತಿರಲಿಲ್ಲ. ಪುಸ್ತಕ ಕೊಂಡು ಹೋಗಿ, ಕಣ್ಣು ಮಂಜಾದ ಅಜ್ಜಿಗೆ ದಿನಾ ಹತ್ತು ಪುಟ ಓದಿ ಹೇಳಿದ್ದಾನೆ. ಬನಶಂಕರಿ ಬಂದ ದಿನ ಆಕೆ ಊಟ ಮಾಡಲಿಲ್ಲವಂತೆ. ಹಿರಿಯ ಕಲಾವಿದರ ಮಾಸಾಶನದ ಅರ್ಜಿ ಬರೆದುಕೊಡೋ ಒಬ್ಬರ ಹತ್ತಿರ ಅವ್ವನ ನಂಬರ್ ಹಿಡಿದು, ಮರುದಿನ ಸಂಜೆ ನಾಲ್ಕಕ್ಕೆ ಫೋನ್ ಮಾಡಿದ್ದಾಳೆ. "ಅಕ್ಕಾ, ನಿನ್ನ ಮಗ ಊರೂರು ತಿರುಗಿ ನನ್ನ ಮ್ಯಾಲೆ ಮಂದೀನ್ನ ನಗಸಾಕತ್ತಾನಂತಲ್ಲ" ಅಂತ ಶುರುವಾಗಿ ಎಲ್ಲಿಗೋ ಹೋಗಿದೆ. ಅವ್ವ ಫೋನ್ ಕಟ್ ಮಾಡಿದ್ದಾಳೆ.

ಅದೇ ರಾತ್ರಿ ಎಂಟೂವರೆಗೆ ಅವ್ವ ಬಿದ್ದದ್ದು. ಪಕ್ಕದ ಮನೆಯ ಹುಡುಗಿ, ಮರುದಿನ ಅವಳಿಗೆ ಪರೀಕ್ಷೆ ಬೇರೆ, ಅಣ್ಣನನ್ನ ಎಬ್ಬಿಸಿಕೊಂಡು ಬಂದು ದವಾಖಾನೆಗೆ ಸೇರಿಸಿದಳು. (ತಂಗಿ, ಪಾಸಾದ ಸುದ್ದಿ ಕೇಳಿದೆ. ಪೇಢೆ ನನ್ನ ಲೆಕ್ಕ.) ನನ್ನ ಫೋನ್ ಹತ್ತಲಿಲ್ಲ. ಅವ್ವನ ಮೊಬೈಲಿನಲ್ಲಿ ಕೊನೆಯ ಕರೆ ಯಾವುದಿತ್ತೋ ಅದಕ್ಕೇ ಮಾಡಿದಳು. ಹಾಗೆ ಸುದ್ದಿ ಮುಟ್ಟಿದ್ದು ಚಿಗವ್ವನಿಗೆ. ಎಪ್ಪತ್ನಾಲ್ಕರ ಮುದುಕಿ ಮೊಮ್ಮಗನ ಕೈ ಹಿಡಿದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹತ್ತಿ ಬಂದಳು. ತಾನು ಬೈದದ್ದಕ್ಕೇ ಅಕ್ಕ ಬಿದ್ದಳು ಅಂತ ದಾರಿಯುದ್ದಕ್ಕೂ ಎದೆ ಹಿಡಿದುಕೊಂಡು ಕೂತಿದ್ದಳಂತೆ.

ನಾನು ಆಗ ಮುಂಬೈನ ಮಾಟುಂಗಾದಲ್ಲಿ ಸ್ಟೇಜಿನ ಮೇಲಿದ್ದೆ. ಫೋನು ತಬಲಾ ಚೀಲದಲ್ಲಿತ್ತು, ಸದ್ದು ಬಂದ್ ಮಾಡಿದ್ದೆ. ಮುಕ್ಕಾಲು ಗಂಟೆ ಅದು ಒಳಗೇ ಮಿಣುಕುತ್ತಿತ್ತು. ಹೊರಗೆ ನಾನು ಬನಶಂಕರಿ ಜಾತ್ರೆ ಓದುತ್ತಿದ್ದೆ. ಸುಸ್ತಾದ ಠೇಕಾ ಬಾರಿಸುತ್ತಿದ್ದೆ. ಜನ ನಗುತ್ತಿದ್ದರು.

ಇದನ್ನ ಹೇಗೆ ಬರೆಯಬೇಕೋ ಗೊತ್ತಾಗ್ತಿಲ್ಲ, ಸುಮ್ನೆ ಇದ್ದ ಹಾಗೆ ಬರೆದಿದ್ದೀನಿ.

ಮುಂಬೈನವರು ಒಂದೇ ಮಾತಿಗೆ ಗಾಡಿ ಮಾಡಿ ಕೊಟ್ಟರು. ಡ್ರೈವರ್ ರಾತ್ರಿಯಿಡೀ ಒಂದು ಮಾತೂ ಆಡಲಿಲ್ಲ. ನಿಪಾಣಿಯಲ್ಲಿ ಚಹಾ ತಂದುಕೊಟ್ಟು, "ಆಯಿ ಬರೀ ಹೋಯೀಲ" ಅಂದ. ಅವ್ವ ಹುಷಾರಾಗ್ತಾಳೆ ಅಂತ. ಆ ಇಡೀ ದಾರಿಯಲ್ಲಿ ನನಗೆ ನೆನಪಿರೋದು ಆ ಚಹಾ ಒಂದೇ.

ಆ ರಾತ್ರಿ ವಾರ್ಡಿನಲ್ಲಿ ಏನಾಯ್ತು ಅನ್ನೋದನ್ನ ನನಗೆ ಹೇಳಿದ್ದು ಡ್ಯೂಟಿಯಲ್ಲಿದ್ದ ಸಿಸ್ಟರ್. ಎರಡು ಗಂಟೆ ಸುಮಾರಿಗೆ ಅವ್ವನಿಗೆ ದಿಕ್ಕು ತಪ್ಪಿತು. ಎಲ್ಲಿದ್ದೀನಿ ಅನ್ನೋದೇ ಗೊತ್ತಿಲ್ಲ. ಮುಖ ಉಜ್ಜಿಕೊಳ್ಳೋದು, ಸೂಜಿ ಹಾಕಿದ ಕೈ ಎಳೆಯೋದು. "ಆಟ ಮುಗೀತು, ಬಣ್ಣ ತಗೀರಿ, ಉರಿಯಾಕತ್ತೈತಿ" ಅನ್ನೋದು ಒಂದೇ ಮಾತು. ಸಿಸ್ಟರಿಗೆ ಯಾವ ಬಣ್ಣ, ಏನು ಕಥೆ ಅಂತ ತಿಳಿಯಲಿಲ್ಲ. ಕೈ ಕಟ್ಟಬೇಕಾಗುತ್ತೇನೋ ಅಂದುಕೊಂಡಿದ್ದರಂತೆ.

ಚಿಗವ್ವನಿಗೆ ತಿಳಿಯಿತು. ಸಫೇದ, ಅರದಾಳ, ಇಂಗಳೀಕದ ಬಣ್ಣ ಬಳಿದುಕೊಂಡು ರಾತ್ರಿಯೆಲ್ಲ ದೀಪದ ಕಾವಿಗೆ ನಿಂತ ಮುಖ ಬೆಳಗಿನ ಜಾವಕ್ಕೆ ಹೇಗೆ ಉರಿಯುತ್ತೆ ಅಂತ ಆ ವಾರ್ಡಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಪಕ್ಕದ ಹಾಸಿಗೆಯವರ ಹತ್ತಿರ ಕೊಬ್ಬರಿ ಎಣ್ಣೆ ಇಸಿದುಕೊಂಡಳು. ಸಿಸ್ಟರನ್ನ ಕೇಳಿದಳು, ಅವರು ಹೂಂ ಅಂದರು. ತನ್ನ ಸೀರೆಯ ಸೆರಗಿನ ತುದಿಯನ್ನ ಬೆರಳಿಗೆ ಸುತ್ತಿಕೊಂಡು, ಎಣ್ಣೆಯಲ್ಲಿ ಅದ್ದಿ, ಮೊದಲು ಹಣೆ, ಆಮೇಲೆ ಹುಬ್ಬು, ಕೆನ್ನೆ, ಕೊನೆಗೆ ತುಟಿ. ಒರೆಸಿದ ಮೇಲೆ ಸೆರಗನ್ನ ಅವ್ವನ ಕಣ್ಣ ಮುಂದೆ ಹಿಡಿದು ತೋರಿಸಿದಳಂತೆ. "ನೋಡಕ್ಕಾ, ಎಷ್ಟ್ ಬಣ್ಣ ಬಂತು." ಬಿಳಿ ಸೆರಗು, ಬರೀ ಎಣ್ಣೆ. ಅವ್ವ ನೋಡಿ, "ಇನ್ನೂ ಕಿವಿ ಹಿಂದ ಐತಿ" ಅಂದಳು. ಚಿಗವ್ವ ಕಿವಿ ಹಿಂದೆಯೂ ಒರೆಸಿದಳು. ನಾಲ್ಕು ಗಂಟೆಗೆ ಅವ್ವನಿಗೆ ನಿದ್ದೆ ಹತ್ತಿತು. ಚಿಗವ್ವ ಬೆಳಗಿನ ತನಕ ಅವಳ ಕೈ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಬೆನ್ನಿಗೆ ಒರಗೋದಕ್ಕೂ ಏನೂ ಇರಲಿಲ್ಲ.

ನಾನು ತಲುಪಿದ್ದು ಬೆಳಗ್ಗೆ. ಕಾಲಿಗೆ ಬೀಳೋಕೆ ಹೋದೆ, ಬಿಡಲಿಲ್ಲ. "ಮೊದಲ ಚಹಾ ಕುಡಸು" ಅಂದಳು. ಫೋನಿನ ಜಗಳಕ್ಕೂ ಅವ್ವ ಬಿದ್ದದ್ದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರು ಹೇಳಿದ್ದನ್ನ ಅವಳಿಗೆ ಎರಡು ಸಲ ಹೇಳಬೇಕಾಯ್ತು. ಕ್ಯಾಂಟೀನಿನ ಮೆಟ್ಟಿಲ ಮೇಲೆ ಕೂತು, ಬಸಿ ತುಂಬ ಚಹಾ ಊದುತ್ತಾ, ಆಮೇಲೆ ಶುರುಮಾಡಿದಳು.

"ಲೇ ತಮ್ಮಾ, ನಾನು ಬೇಕಂತನ ಎಳದೆ ಅಂತ ಬರದೀಯಲ್ಲ. ಅವತ್ತ ನೀನು ಎಂಟು ತಿಂಗಳ ಕೂಸು. ಜ್ವರ ಬಂದು ನಿಮ್ಮವ್ವನ ಸೀರಿ ತುಂಬ ಕಾರ್ಕೊಂಡಿದ್ದಿ. ಆಕಿ ಸೀರಿ ಬದಲಸಾಕ ಹೋಗಿದ್ಲು. ನಿಮ್ಮಪ್ಪ ವಿಂಗ್ ಕಡೆ ನೋಡಿದ, ಯಾರೂ ಇಲ್ಲ. ನನ್ನ ಕಡೆ ನೋಡಿ ಹುಬ್ಬ ಹಾರಿಸಿದ. ಮತ್ತೇನ ಮಾಡ್ಲಿ? ಖಾಲಿ ಸ್ಟೇಜ್ ಬಿಡ್ಲೇನು?"

ಅವ್ವ ಓಡಿ ಬಂದು ವಿಂಗಿನಲ್ಲಿ ನಿಂತಾಗ ಆ ಹಾಡು ಅರ್ಧ ಮುಗಿದಿತ್ತು. ಆಕೆ ನೋಡಿದ್ದು ಆ ಅರ್ಧವನ್ನ ಮಾತ್ರ.

"ಐವತ್ತು ವರ್ಷ ಯಾಕ ಹೇಳಲಿಲ್ಲ ಚಿಗವ್ವಾ?" ಅಂದೆ.

"ಯಾರ್ ಕೇಳಿದ್ರು?" ಅಂದಳು.

ನಾನಂತೂ ಕೇಳಿರಲಿಲ್ಲ. ಪುಸ್ತಕ ಬರೆಯೋಕೆ ಮೂರು ವರ್ಷ ಓಡಾಡಿದೆ. ಹಳೇ ಹ್ಯಾಂಡ್‌ಬಿಲ್ ಹುಡುಕಿಕೊಂಡು ಗೋಕಾಕಿನ ತನಕ ಹೋದೆ. ಅಪ್ಪನ ಪೆಟ್ಟಿಗೆಯನ್ನ ಬಿಚ್ಚಿಸಿ, ಕರಿ ಎರಡರ ಮನೆ (ಎರಡನೇ ಕಪ್ಪು ಕೀ) ಅಂಟಿಕೊಳ್ಳದಿರಲಿ ಅಂತ ಅವನು ಒಳಗೆ ಮಡಚಿಟ್ಟಿದ್ದ ಟಿಕೆಟ್ಟಿನ ಚೂರಿಗೂ ಒಂದು ಪ್ಯಾರಾ ಬರೆದೆ. ಇಪ್ಪತ್ತು ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ ಬದುಕಿದ್ದವಳ ಮನೆ ಬಾಗಿಲು ತಟ್ಟಲಿಲ್ಲ. ಅವಳನ್ನ ಕೇಳಿದ್ರೆ ಕಥೆ ಕೆಡುತ್ತೆ ಅನ್ನೋ ಅಂಜಿಕೆ ನನಗಿತ್ತಾ? ಇದ್ದಿರಬೇಕು. ಅವತ್ತು ಆ ಮೆಟ್ಟಿಲ ಮೇಲೆ ಚೆನ್ನಾಗಿ ಅತ್ತೆ. ಚಿಗವ್ವ ತಡೆಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಚಹಾ ಮುಗಿಸಿ, "ಎರಡು ಇಡ್ಲಿ ಹೇಳು, ಬಿಸಿ ಇದ್ರ ಅಷ್ಟ" ಅಂದಳು.

ಅಪ್ಪ ಯಾಕೆ ಅವ್ವನಿಗೆ ಹೇಳಲಿಲ್ಲ? ಹೇಳಿರಬಹುದು, ಅವ್ವ ಕೇಳಿಸಿಕೊಂಡಿರಲಿಕ್ಕಿಲ್ಲ. ಈಗ ಕೇಳಿದರೆ, "ಏನರ ಇರ್ಲಿ, ಮೂರನೇ ಸಲ ಆಕಿ ಸುರ ಜಾರಿತ್ತು" ಅಂತಾಳೆ. ಚಿಗವ್ವ ವಾರಕ್ಕೆರಡು ಸಲ ಬರುತ್ತಾಳೆ. ಬಂದಾಗ ಇಬ್ಬರೂ ಹಾಸಿಗೆ ಮೇಲೆ ಕೂತು, ಯಾವ ಕ್ಯಾಂಪಿನಲ್ಲಿ ಯಾರು ಯಾರ ಬೆಳ್ಳಿ ಡಾಬು ಕದ್ದರು ಅಂತ ಮಾತಾಡ್ತಾರೆ. ನಾನು ಒಳಗೆ ಹೋದ್ರೆ ಸುಮ್ನಾಗ್ತಾರೆ. ಇವನು ಬರೆದುಬಿಡ್ತಾನೆ ಅಂತ.

ಇನ್ನೊಂದು ಸುದ್ದಿ. ಮೊದಲ ಮುದ್ರಣ ಖರ್ಚಾಗಿದೆ. ಎರಡನೇ ಮುದ್ರಣದಲ್ಲಿ ಬನಶಂಕರಿಯ ಪುಟಗಳು ಹಾಗೇ ಇರುತ್ತವೆ, ಅದು ಅವ್ವನ ಮಾತು. ಅದರ ಬೆನ್ನಿಗೇ ಚಿಗವ್ವ ಹೇಳಿದ್ದು ಅವಳ ಮಾತಿನಲ್ಲೇ ಬರುತ್ತೆ. ಮೊಮ್ಮಗ ಅದನ್ನ ಓದಿ ಹೇಳಿದ್ದಾನೆ, ಎರಡು ಕಡೆ ತಿದ್ದಿಸಿದ್ದಾಳೆ. ಹಳೇ ಪ್ರತಿ ಇದ್ದವರು ಹೇಳಿ, ಆ ನಾಲ್ಕು ಪುಟ ಅಂಚೆಯಲ್ಲಿ ಕಳಿಸ್ತೀನಿ.

ನಿಂತುಹೋಗಿದ್ದ ಗದಗಿನ ಕಾರ್ಯಕ್ರಮ ಮುಂದಿನ ಶನಿವಾರ ಇದೆ. ಚಿಗವ್ವನನ್ನ ಕರೆದಿದ್ದೀನಿ. ಮುಂದಿನ ಸಾಲು ಬೇಡವಂತೆ, ವಿಂಗಿನಲ್ಲಿ ಒಂದು ಕುರ್ಚಿ ಹಾಕಿಸು ಅಂದಳು. ಒಂದು ಹಾಡು ಹಾಡ್ತೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಪೆಟ್ಟಿಗಿ ಯಾರು ಬಾರಸ್ತಾರ, ಅದನ್ನ ಮೊದಲ ಹೇಳು" ಅಂದಳು.