ವಿಮಾನದ ಗಂಟೆಯೂ ಅಮ್ಮನ ಮಾತ್ರೆಯೂ

ಮಾನ್ಯರೇ,

ಹೊಸ ವಿಮಾನ ಶುರುವಾದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಸಮಯ ಹಾಕುತ್ತೀರಿ. ಇಷ್ಟು ಗಂಟೆಗೆ ಬಿಟ್ಟು ಇಷ್ಟು ಗಂಟೆಗೆ ತಲುಪುತ್ತದೆ ಅಂತ. ಹೊರದೇಶದ ವಿಮಾನವಾದರೆ, ಒಟ್ಟು ಎಷ್ಟು ಗಂಟೆ ಹಾರಾಟ ಅನ್ನೋದನ್ನೂ ದಯವಿಟ್ಟು ಜೊತೆಗೆ ಹಾಕಿ. ಯಾಕೆ ಅಂತ ಹೇಳುತ್ತೇನೆ.

ಹೋದ ವರ್ಷ ಅಮ್ಮ ತಂಗಿಯ ಬಾಣಂತನಕ್ಕೆ ದುಬೈಗೆ ಹೊರಟರು. ಟಿಕೆಟ್ ಮಾಡಿಕೊಟ್ಟವರು ಚೀಟಿಯಲ್ಲಿ ಬರೆದಿದ್ದು ಎರಡೇ ಸಮಯ: ಬೆಂಗಳೂರು ಬೆಳಿಗ್ಗೆ 10, ದುಬೈ 12.30. ಅಮ್ಮ ಬೆರಳು ಮಡಚಿ ಎಣಿಸಿದರು. "ಎರಡೂವರೆ ಗಂಟೆ ತಾನೇ? ನಮ್ಮ ಚಿಕ್ಕಮಗಳೂರಿನಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋದಷ್ಟು" ಅಂದರು. ನಾನೂ ಹೂಂ ಅಂದೆ, ತಪ್ಪು ನನ್ನದೂ ಇದೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಊಟ ಹೇಗೂ ಮಗಳ ಮನೆಯಲ್ಲೇ ಅಂದುಕೊಂಡು, ಅಕ್ಕಿ ರೊಟ್ಟಿ ಕಟ್ಟಿದ್ದ ಡಬ್ಬಿಯನ್ನು ದೊಡ್ಡ ಬ್ಯಾಗಿಗೆ ಸೇರಿಸಿಬಿಟ್ಟರು. ಆ ಬ್ಯಾಗು ಕೌಂಟರಿನಲ್ಲೇ ಹೋಯಿತು. ಎಂಟಕ್ಕೆ ಎರಡು ಇಡ್ಲಿ ತಿಂದು ಮಾತ್ರೆ ನುಂಗಿದರು, ಅಷ್ಟೇ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ 12.30 ಆದಾಗ ನಮ್ಮಲ್ಲಿ 2. ಅಂದರೆ ಹಾರಾಟ ಪೂರ್ತಿ ನಾಲ್ಕು ಗಂಟೆ! ಮೂರನೇ ಗಂಟೆಯಲ್ಲಿ ಅಮ್ಮನಿಗೆ ಕೈ ನಡುಗಿ ಬೆವರು ಬಂತಂತೆ. ಪಕ್ಕದ ಸೀಟಿನ ಹುಡುಗಿ ಬಿಸ್ಕತ್ತು, ಜ್ಯೂಸ್ ಕೊಟ್ಟು ಸುಧಾರಿಸಿದಳು.

ವಾಪಸ್ ಬರುವಾಗ ಲೆಕ್ಕ ಉಲ್ಟಾ. ರಾತ್ರಿ 10ಕ್ಕೆ ಬಿಟ್ಟು ಬೆಳಗಿನ ಜಾವ 3.15ಕ್ಕೆ ಬೆಂಗಳೂರು. ಗಡಿಯಾರ ನೋಡಿದರೆ ಐದೂಕಾಲು ಗಂಟೆ, ಹಾರಿದ್ದು ಮೂರೂಮುಕ್ಕಾಲು. ದಾರಿ ಅದೇ, ಆದರೂ ಹೋಗುವಾಗಿನಷ್ಟು ಹೊತ್ತು ಹಿಡಿಯಲಿಲ್ಲ. ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಬರುವಾಗ ಹಿಂದಿನಿಂದ ನೂಕುತ್ತದೆ, ಹೋಗುವಾಗ ಎದುರು ಬಡಿಯುತ್ತದೆ.

ಕಿಲೋಮೀಟರ್ ಹಾಕಿದರೆ ಸಾಕಲ್ವಾ ಅಂತೀರೇನೋ. ಸಾಲದು. ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದಲ್ಲಿ ಸುಮಾರು 300 ಕಿ.ಮೀ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದೆ ಅಂತ ಭಾಗಿಸಿದರೆ ಅರ್ಧ ಗಂಟೆಯೂ ಬೇಡ. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆ ಇರುತ್ತದೆ. ರನ್‌ವೇವರೆಗೆ ಉರುಳಬೇಕು, ಸರದಿ ಕಾಯಬೇಕು, ಏರಬೇಕು, ಇಳಿಯಬೇಕು. ಹತ್ತಿರದ ಊರಿಗೆ ಈ ಕೆಲಸವೇ ಜಾಸ್ತಿ. ದೆಹಲಿ ಸುಮಾರು 1,700 ಕಿ.ಮೀ., ಐದು ಪಟ್ಟಿಗಿಂತ ಹೆಚ್ಚು ದೂರ. ಸಮಯ ಮೂರು ಪಟ್ಟೂ ಆಗುವುದಿಲ್ಲ.

ಇನ್ನು ನಮ್ಮ ಚಿಕ್ಕಮಗಳೂರಿನವರ ಪಾಡು ಬೇರೆಯೇ. ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ದಾಟಿ ದೇವನಹಳ್ಳಿ ಸೇರಬೇಕು. ಆವತ್ತು ನಾವು ಮನೆ ಬಿಟ್ಟಿದ್ದು ರಾತ್ರಿ ಒಂದಕ್ಕೆ. ನಾಲ್ಕು ಗಂಟೆ ಹಾರಲು ಒಂಬತ್ತು ಗಂಟೆ ಮುಂಚೆ! ಶಿವಮೊಗ್ಗದ ಸೋಗಾನೆ ನಿಲ್ದಾಣ 2023ರಲ್ಲಿ ಶುರುವಾಗಿ, ತರೀಕೆರೆ ಮೇಲೆ ನೂರು ಕಿ.ಮೀ. ಒಳಗೇ ಸಿಗುತ್ತದೆ. ಆದರೆ ದುಬೈಗೆ ಅದು ಆಗಿಬರುವುದಿಲ್ಲವಲ್ಲ.

ನಿಮ್ಮ ಜಿಲ್ಲಾ ಪುಟದಲ್ಲಾದರೂ ಈ ರಸ್ತೆಯ ಗಂಟೆಗಳನ್ನು ಸೇರಿಸಿ ಬರೆದರೆ ಉಪಕಾರ. ಅಮ್ಮ ಬರುವ ತಿಂಗಳು ಮತ್ತೆ ಹೊರಟಿದ್ದಾರೆ. ಈ ಸಲ ರೊಟ್ಟಿ ಕೈಚೀಲದಲ್ಲೇ. ಚಟ್ನಿಯನ್ನು ಒಳಗೆ ಬಿಡುತ್ತಾರೋ ಇಲ್ಲವೋ, ನೋಡಬೇಕು.

ಇಂತಿ,
ನಿಮ್ಮ ಓದುಗ,
ಬಸವನಹಳ್ಳಿ, ಚಿಕ್ಕಮಗಳೂರು